ಮೋಟಾರ್ ಎಷ್ಟು ಯೂನಿಟ್ ತಿನ್ನುತ್ತೆ? ಅಳೆದೇ ನೋಡಿದ ಲೆಕ್ಕ

ನಮ್ಮ ಮನೆ ದಾವಣಗೆರೆಯ ನಿಟುವಳ್ಳಿ ಕಡೆ. ಕೆಳಗೆ ನಾವು, ಮೇಲಿನ ಎರಡು ಮಹಡಿಯಲ್ಲಿ ಒಂದೊಂದು ಬಾಡಿಗೆ ಮನೆ. ಮೂರೂ ಮನೆಗೆ ಬೆಸ್ಕಾಂ ಮೀಟರ್ ಬೇರೆ ಬೇರೆ ಇದೆ. ಆದರೆ ಸಂಪಿನಿಂದ ತಾರಸಿ ಟ್ಯಾಂಕಿಗೆ ನೀರೆತ್ತುವ ಮೋಟಾರ್ ಒಂದೇ. ಅದರ ವೈರು ನಮ್ಮ ಮೀಟರಿಗೆ ಸೇರಿದೆ. ಅದಕ್ಕೆ ಅಪ್ಪ ಮೇಲಿನವರಿಂದ ತಿಂಗಳಿಗೆ ಮನೆಗೆ 150 ರೂಪಾಯಿ ತಗೊಳ್ಳುತ್ತಿದ್ದರು.

2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಈ 150ರ ವಿಷಯ ಸ್ವಲ್ಪ ಬಿಸಿಯಾಯಿತು. ಗೊತ್ತಲ್ಲ, 200 ಯೂನಿಟ್ ಒಳಗಿನವರಿಗೆ ಹಿಂದಿನ ವರ್ಷದ ಸರಾಸರಿ, ಅದರ ಮೇಲೆ ಶೇಕಡಾ 10 ಸೇರಿಸಿ ಅಷ್ಟರವರೆಗೆ ಫ್ರೀ. ನಮ್ಮ ಪಾಲಿಗೆ ಬಂದದ್ದು 118 ಯೂನಿಟ್. ನಾವು ಪ್ರತಿ ತಿಂಗಳೂ ಅದನ್ನು ದಾಟುತ್ತಿದ್ದೆವು. ಅಪ್ಪನ ಪ್ರಕಾರ ತಪ್ಪೆಲ್ಲ ಮೋಟಾರಿನದು, ದಿನಕ್ಕೆ ಏನಿಲ್ಲ ಅಂದರೂ ಒಂದು ಯೂನಿಟ್ ತಿನ್ನುತ್ತೆ ಅಂತ. ಮೇಲಿನ ಮನೆ ಮೇಷ್ಟ್ರು ಇದಕ್ಕೆ ಒಪ್ಪಲಿಲ್ಲ. ಅವರು ಹೈಸ್ಕೂಲಲ್ಲಿ ವಿಜ್ಞಾನ ಕಲಿಸಿ ರಿಟೈರ್ ಆದವರು.

"ಒಂದು ಎಚ್‌ಪಿ ಅಂದ್ರೆ 746 ವ್ಯಾಟ್. ದಿನಕ್ಕೆ ಇಪ್ಪತ್ತೆರಡು ನಿಮಿಷ ಓಡುತ್ತೆ. ಕಾಲು ಯೂನಿಟ್ ಮೇಲೆ ಚೂರು ಆಗುತ್ತೆ ಅಷ್ಟೇ ಯಜಮಾನ್ರೆ. ನೀವೇ ಲೆಕ್ಕ ಹಾಕ್ರಿ" ಅಂದರು.

"ಲೆಕ್ಕ ಪುಸ್ತಕದಾಗೆ ಚೆನ್ನಾಗಿರುತ್ತೆ ಮೇಷ್ಟ್ರೆ. ಬಿಲ್ ಬರೋದು ನನಗೆ" ಅಂದರು ಅಪ್ಪ.

ಇಬ್ಬರ ನಡುವೆ ಕೂತು ಮಂಡಕ್ಕಿ ತಿನ್ನುತ್ತಿದ್ದ ನನಗೆ, ಸುಮ್ನೆ ವಾದ ಯಾಕೆ, ಅಳೆದೇ ಬಿಡೋಣ ಅನ್ನಿಸಿತು.

ಮೊದಲು ಗೋಡೆ ಮೇಲಿನ ಮೀಟರ್

ಕಾಸು ಖರ್ಚಿಲ್ಲದೆ ಇಲ್ಲಿಂದಲೇ ಶುರು ಮಾಡಬಹುದು. ಡಿಜಿಟಲ್ ಮೀಟರಿನ ಮುಖದಲ್ಲಿ ಒಂದು ಪುಟ್ಟ ಕೆಂಪು ಎಲ್‌ಇಡಿ ಮಿನುಗುತ್ತಿರುತ್ತದೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಂಖ್ಯೆ. ನಮ್ಮದರಲ್ಲಿ 3200 ಇಂಪ್/ಕೆಡಬ್ಲ್ಯೂಎಚ್ ಅಂತಿದೆ. 3200 ಸಲ ಮಿನುಗಿದರೆ ಒಂದು ಯೂನಿಟ್ ಆಯಿತು ಅಂತ ಅರ್ಥ. ನಿಮ್ಮ ಮೀಟರಿನಲ್ಲಿ ಬೇರೆ ಸಂಖ್ಯೆ ಇರಬಹುದು, ಮೊದಲು ಅದನ್ನು ನೋಡಿಕೊಳ್ಳಿ.

ಒಂದು ಯೂನಿಟ್ ಅಂದರೆ ಒಂದು ಕಿಲೋವ್ಯಾಟ್ ಅವರ್. 1000 ವ್ಯಾಟಿನ ಸಾಮಾನು ಒಂದು ಗಂಟೆ ಓಡಿದರೆ ಆಗುವಷ್ಟು. ಒಂದು ವ್ಯಾಟ್ ಅಂದರೆ ಸೆಕೆಂಡಿಗೆ ಒಂದು ಜೌಲ್, ಗಂಟೆಗೆ 3600 ಸೆಕೆಂಡು. ಹಾಗಾಗಿ ಯೂನಿಟ್ಟಿಗೆ 36 ಲಕ್ಷ ಜೌಲ್. ಇದನ್ನು 3200ರಿಂದ ಭಾಗಿಸಿದರೆ ಒಂದು ಮಿನುಗಿಗೆ 1125 ಜೌಲ್ ಬರುತ್ತದೆ.

ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿಯಿತು. ಎಲ್‌ಇಡಿ ಎಷ್ಟು ಸಲ ಮಿನುಗಿತು ಅನ್ನೋದು ಎನರ್ಜಿ. ಎಷ್ಟು ಬೇಗ ಬೇಗ ಮಿನುಗುತ್ತಿದೆ ಅನ್ನೋದು ಪವರ್. ಬೆಸ್ಕಾಂನವರು ದುಡ್ಡು ಕೇಳೋದು ಮೊದಲನೇದಕ್ಕೆ. 1125ನ್ನು ಎರಡು ಮಿನುಗಿನ ನಡುವಿನ ಸೆಕೆಂಡಿನಿಂದ ಭಾಗಿಸಿದರೆ ಆ ಹೊತ್ತಿನ ವ್ಯಾಟ್ ಸಿಗುತ್ತದೆ. ಒಂದೇ ಮಿನುಗಿಗಿಂತ ಇಪ್ಪತ್ತು ಮಿನುಗು ಎಣಿಸಿದರೆ ಲೆಕ್ಕ ಗಟ್ಟಿ. ಸ್ಟಾಪ್‌ವಾಚ್ ಒತ್ತಿದ ಮಿನುಗನ್ನು ಸೊನ್ನೆ ಅಂತ ಎಣಿಸಬೇಕು, ಒಂದು ಅಂತಲ್ಲ.

ತೊಂದರೆ ಏನಪ್ಪ ಅಂದರೆ ಈ ಎಲ್‌ಇಡಿ ಇಡೀ ಮನೆಯ ಲೆಕ್ಕ ಹೇಳುತ್ತದೆ. ಮೋಟಾರಿನದು ಮಾತ್ರ ಬೇಕಾದರೆ ಉಳಿದದ್ದೆಲ್ಲ ಆಫ್ ಮಾಡಬೇಕು. ದಿನವಿಡೀ ಮೀಟರ್ ಮುಂದೆ ಕೂರೋಕೂ ಆಗಲ್ಲ. ಅದಕ್ಕೇ ತಾನೇ ಅಳೆದು ಲೆಕ್ಕ ಇಡುವ ಒಂದು ಡಬ್ಬಿ ಕಟ್ಟಿದ್ದು.

ಡಬ್ಬಿಯೊಳಗೆ ಏನಿದೆ

ಎರಡು ಪಿಜೆಡ್‌ಇಎಂ-004ಟಿ ಮಾಡ್ಯೂಲ್, ಅಂದರೆ ವೋಲ್ಟೇಜು, ಕರೆಂಟು ಅಳೆಯುವ ಪುಟ್ಟ ಬೋರ್ಡು; ಅದರ ಮೂರನೇ ವರ್ಷನ್, 100 ಆಂಪಿಯರ್ ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಜೊತೆ ಬರುವಂಥದ್ದು. ಒಂದು ಇಎಸ್‌ಪಿ32 ಬೋರ್ಡ್, ಅಂದರೆ ವೈಫೈ ಇರುವ ಪುಟ್ಟ ಕಂಪ್ಯೂಟರ್. ಒಂದು ಲೆವೆಲ್ ಶಿಫ್ಟರ್. ಒಂದು ಮೊಬೈಲ್ ಚಾರ್ಜರ್. ಸಣ್ಣ ಫ್ಯೂಸು, ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸು. ಒಂದು ಮಾಡ್ಯೂಲ್ ಮೋಟಾರಿಗೆ, ಇನ್ನೊಂದು ಮನೆಯ ಒಟ್ಟು ಲೋಡಿಗೆ.

ಈ ಮಾಡ್ಯೂಲ್ ಮಾಡುವ ಕೆಲಸ ನೋಡೋಕೆ ಸಣ್ಣದು, ಆದರೆ ಅಲ್ಲೇ ಇರೋದು ಎಲ್ಲಾ. ವೋಲ್ಟೇಜನ್ನು ನೇರವಾಗಿ ಲೈನಿನಿಂದ ತಗೊಳ್ಳುತ್ತದೆ. ಕರೆಂಟನ್ನು ಸಿಟಿಯಿಂದ, ಅಂದರೆ ವೈರನ್ನು ಸುತ್ತುವರಿದ ಬಳೆಯಂಥ ಟ್ರಾನ್ಸ್‌ಫಾರ್ಮರಿನಿಂದ ತಗೊಳ್ಳುತ್ತದೆ. ನಮ್ಮ ಲೈನು ಎಸಿ. ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗುತ್ತದೆ. ಕ್ಷಣ ಕ್ಷಣಕ್ಕೂ ಆಗಿನ ವೋಲ್ಟೇಜು, ಆಗಿನ ಕರೆಂಟು ಗುಣಿಸಿ, ಬಂದದ್ದಕ್ಕೆ ಸರಾಸರಿ ತೆಗೆದರೆ ಅದು ನಿಜವಾದ ವ್ಯಾಟ್. ಅದನ್ನು ಕಾಲದ ಜೊತೆ ಕೂಡಿಸುತ್ತಾ ಹೋದರೆ ಯೂನಿಟ್. ಬೆಸ್ಕಾಂ ಮೀಟರ್ ಒಳಗೂ ನಡೆಯೋದು ಇದೇ.

ಕ್ಲ್ಯಾಂಪ್ ಮೀಟರಲ್ಲಿ ಆಂಪಿಯರ್ ನೋಡಿ, ವೋಲ್ಟೇಜಿಂದ ಗುಣಿಸಿ ವ್ಯಾಟ್ ಅಂತ ಹೇಳುವವರು ತುಂಬಾ ಜನ ಇದ್ದಾರೆ. ಹೀಟರಿಗೆ ಅದು ಸರಿ. ಮೋಟಾರಿಗೆ, ಎಲ್‌ಇಡಿ ಬಲ್ಬಿಗೆ ಸರಿ ಹೋಗಲ್ಲ. ಅಲ್ಲಿ ವೋಲ್ಟೇಜು, ಕರೆಂಟು ಒಟ್ಟೊಟ್ಟಿಗೆ ಏರಿಳಿಯುವುದಿಲ್ಲ. ಹಾಗೆ ಗುಣಿಸಿ ಬರೋದು ವೋಲ್ಟ್-ಆಂಪಿಯರ್. ಅದರಲ್ಲಿ ನಿಜವಾದ ವ್ಯಾಟ್ ಎಷ್ಟು ಪಾಲು ಅನ್ನೋದೇ ಪವರ್ ಫ್ಯಾಕ್ಟರ್, ಅದರಿಂದ ಗುಣಿಸಿದರೆ ಮಾತ್ರ ವ್ಯಾಟ್.

ವೈರಿಂಗ್ ವಿಷಯದಲ್ಲಿ ಮೂರು ಮಾತು. ಬೆಸ್ಕಾಂ ಮೀಟರಿನ ಸೀಲು, ಅದಕ್ಕೆ ಬರುವ ವೈರು ಮುಟ್ಟಲೇಬಾರದು. 2003ರ ವಿದ್ಯುತ್ ಕಾಯ್ದೆಯಲ್ಲಿ ಅದು ಅಪರಾಧ. ನಮ್ಮ ಸಿಟಿ ಕೂತಿರುವುದು ನಮ್ಮ ಮೇನ್ ಸ್ವಿಚ್ ದಾಟಿದ ಮೇಲೆ. ಎರಡನೇದು, ಸಿಟಿಯೊಳಗೆ ಫೇಸ್ ವೈರು ಒಂದೇ ಹೋಗಬೇಕು. ಫೇಸ್, ನ್ಯೂಟ್ರಲ್ ಎರಡೂ ಸೇರಿದ ಕೇಬಲ್ಲನ್ನೇ ತೂರಿಸಿದರೆ ಹೋಗುವ ಕರೆಂಟು, ಬರುವ ಕರೆಂಟು ಒಂದನ್ನೊಂದು ಹೊಡೆದುಹಾಕಿ ಸೊನ್ನೆ ತೋರಿಸುತ್ತದೆ. ಮೂರನೇದು, ಸಿಟಿಯ ತುದಿ ಬಿಚ್ಚಿಟ್ಟುಕೊಂಡು ಲೋಡ್ ಹಾಕಬಾರದು. ಮೇನ್ ಆಫ್ ಮಾಡಿ, ಟೆಸ್ಟರ್ ಹಚ್ಚಿ ನೋಡಿ, ಆಮೇಲೆ ಕೈ ಹಾಕುವುದು ಅಂತ ನಾನು ಬೇರೆ ಹೇಳಬೇಕಿಲ್ಲ. ಸ್ಟಾರ್ಟರ್ ಪೆಟ್ಟಿಗೆಯೊಳಗಿನ ಜೋಡಣೆಯನ್ನು ನಮ್ಮ ಏರಿಯಾದ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿದೆ.

ಎಲೆಕ್ಟ್ರಾನಿಕ್ಸ್ ಕಡೆ ಹೆಚ್ಚು ಗೋಳಿಲ್ಲ. ಮಾಡ್ಯೂಲ್ ಲೆಕ್ಕ ಕಳಿಸುವ ಸೀರಿಯಲ್ ಕಡೆಗೆ 5 ವೋಲ್ಟ್ ಬೇಕು, ಇಎಸ್‌ಪಿ32 ಪಿನ್ನು 3.3 ವೋಲ್ಟಿನದು. ನಡುವೆ ಲೆವೆಲ್ ಶಿಫ್ಟರ್ ಹಾಕಿದರೆ ಮಾತಾಡುತ್ತವೆ. ಇಎಸ್‌ಪಿ32ಗೆ ಒಂದಕ್ಕಿಂತ ಜಾಸ್ತಿ ಸೀರಿಯಲ್ ಪೋರ್ಟ್ ಇರುವುದರಿಂದ ಎರಡು ಮಾಡ್ಯೂಲಿಗೆ ಎರಡು ಪೋರ್ಟ್ ಕೊಟ್ಟೆ. ಮಾಡ್‌ಬಸ್ ಅನ್ನೋ ಭಾಷೆ, 9600 ಬಾಡ್ ವೇಗ. ಬೋರ್ಡಿಗೆ ಪ್ರೋಗ್ರಾಂ ಬರೆಯುವ ಆರ್ಡುಇನೊ ಸಾಫ್ಟ್‌ವೇರಿಗೆ ಇದರ ಲೈಬ್ರರಿ ಸಿದ್ಧವಾಗಿಯೇ ಸಿಗುತ್ತದೆ. ಐದು ಸೆಕೆಂಡಿಗೊಮ್ಮೆ ವೋಲ್ಟ್, ಆಂಪಿಯರ್, ವ್ಯಾಟ್, ಪವರ್ ಫ್ಯಾಕ್ಟರ್ ಎಲ್ಲ ಹಳೇ ಲ್ಯಾಪ್‌ಟಾಪಿಗೆ ವೈಫೈ ಮೂಲಕ ಹೋಗುತ್ತದೆ. ಕರೆಂಟ್ ಹೋದರೂ ಮಾಡ್ಯೂಲ್ ಯೂನಿಟ್ ಲೆಕ್ಕ ಮರೆಯುವುದಿಲ್ಲ, ಅದು ಒಳ್ಳೇದು. ಕಾಟ ಕೊಟ್ಟದ್ದು ಚಾರ್ಜರ್ ಒಂದೇ. ಮೋಟಾರ್ ಸ್ಟಾರ್ಟ್ ಆಗುವ ಕ್ಷಣಕ್ಕೆ ವೋಲ್ಟೇಜು ದಬಕ್ಕನೆ ಇಳಿದು ಬೋರ್ಡು ರೀಸ್ಟಾರ್ಟ್ ಆಗುತ್ತಿತ್ತು. ಚಾರ್ಜರನ್ನು ಯುಪಿಎಸ್ ಲೈನಿಗೆ ಹಾಕಿದ ಮೇಲೆ ನಿಂತಿತು.

ಡಬ್ಬಿ ಹೇಳೋದನ್ನು ನಂಬಬಹುದಾ?

ಅದಕ್ಕೆ ಗೀಸರ್ ಬಳಸಿದೆ. ಅದು ಬರೀ ಕಾಯಿಲ್, ಪವರ್ ಫ್ಯಾಕ್ಟರ್ ಒಂದು, ವ್ಯಾಟ್ ಅಲುಗಾಡದೆ ನಿಲ್ಲುತ್ತದೆ. ಮನೆಯಲ್ಲಿ ಉಳಿದ ಎಲ್ಲಾ ಆಫ್ ಮಾಡಿ ಗೀಸರ್ ಒಂದೇ ಹಾಕಿದೆ. ಡಬ್ಬಿ 222 ವೋಲ್ಟ್, 1860 ವ್ಯಾಟ್ ಅಂತ ತೋರಿಸಿತು. ಮೀಟರಿನ ಎಲ್‌ಇಡಿ ಇಪ್ಪತ್ತು ಸಲ ಮಿನುಗಲು 12.1 ಸೆಕೆಂಡು. ಇಪ್ಪತ್ತು ಮಿನುಗಿಗೆ 22,500 ಜೌಲ್, ಭಾಗಿಸು 12.1 ಅಂದರೆ ಸುಮಾರು 1860. ಮೊಬೈಲ್ ಸ್ಟಾಪ್‌ವಾಚಿಗೆ ಇದಕ್ಕಿಂತ ಚೆನ್ನಾಗಿ ಹೊಂದಬೇಕು ಅನ್ನೋದು ದುರಾಸೆ.

ಗೀಸರ್ ಮೇಲೆ 2000 ವ್ಯಾಟ್ ಅಂತ ಬರೆದಿದೆಯಲ್ಲ, ಇಲ್ಲಿ 140 ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ. 2000 ಅನ್ನೋದು 230 ವೋಲ್ಟಿಗೆ. ಕಾಯಿಲಿನಲ್ಲಿ ವೋಲ್ಟೇಜ್ ಇಳಿದರೆ ಕರೆಂಟೂ ಇಳಿಯುತ್ತದೆ, ಹಾಗಾಗಿ ವ್ಯಾಟ್ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ಸಂಜೆ ಓಣಿಯವರೆಲ್ಲ ಒಟ್ಟಿಗೆ ಲೈನ್ ಎಳೆದಾಗ ಇನ್ನೂ ಕಡಿಮೆ ಬಂದದ್ದಿದೆ. ಆಗ ನೀರು ಕಾಯೋಕೆ ಜಾಸ್ತಿ ಹೊತ್ತು ಬೇಕು, ಆದರೆ ಬಿಲ್ಲಿಗೆ ಬೀಳುವ ಯೂನಿಟ್ ಹೆಚ್ಚು ಕಡಿಮೆ ಅಷ್ಟೇ. ವೋಲ್ಟೇಜ್ ಕಡಿಮೆ ಇದ್ದರೆ ಬಿಲ್ ಉಳಿಯುತ್ತೆ ಅಂದುಕೊಂಡವರಿಗೆ ಗೀಸರ್ ಒಳ್ಳೇ ಉತ್ತರ.

ಈಗ ಮೋಟಾರ್

ಓಡುವಾಗ 223 ವೋಲ್ಟ್, 5.6 ಆಂಪಿಯರ್, ಪವರ್ ಫ್ಯಾಕ್ಟರ್ 0.93. ಡಬ್ಬಿಯ ಲೆಕ್ಕದಲ್ಲಿ 1160 ವ್ಯಾಟ್. ಸಾವಿರ ಲೀಟರ್ ಟ್ಯಾಂಕ್ ತುಂಬಲು 22 ನಿಮಿಷ. ಒಂದು ಟ್ಯಾಂಕಿಗೆ 0.43 ಯೂನಿಟ್.

ಅಪ್ಪನ ಒಂದು ಯೂನಿಟ್ಟೂ ಅಲ್ಲ, ಮೇಷ್ಟ್ರ 0.27 ಕೂಡ ಅಲ್ಲ. ಮೇಷ್ಟ್ರು ಇಂಥದ್ದನ್ನು ಬಿಡುವವರಲ್ಲ. ಕನ್ನಡಕ ಏರಿಸಿಕೊಂಡು ಮೋಟಾರಿನ ತಗಡು ಓದಿದರು. 1 ಎಚ್‌ಪಿ, 0.75 ಕಿಲೋವ್ಯಾಟ್ ಅಂತಲೇ ಇದೆ. "ಹಂಗಾದ್ರೆ 1160 ಎಲ್ಲಿಂದ ಬಂತು ತಮ್ಮಾ?" ಅಂದರು. ಮೋಟಾರಿನ ತಗಡಿನ ಮೇಲಿನ ಎಚ್‌ಪಿ ಶಾಫ್ಟಿನಲ್ಲಿ ಹೊರಗೆ ಸಿಗುವ ಪವರ್. ಲೈನಿನಿಂದ ಎಳೆಯುವುದು ಅದಕ್ಕಿಂತ ಜಾಸ್ತಿ. ವೈಂಡಿಂಗಿನ ಬಿಸಿ, ಕಬ್ಬಿಣದ ಬಿಸಿ, ಬೇರಿಂಗು, ಹಿಂದಿನ ಫ್ಯಾನು ಎಲ್ಲಾ ಸೇರಿ ತಮ್ಮ ಪಾಲು ತಗೊಳ್ಳುತ್ತವೆ. ಬಲ್ಬಿನ, ಗೀಸರಿನ ಮೇಲಿನ ವ್ಯಾಟ್ ಒಳಗೆ ಹೋಗುವ ಲೆಕ್ಕ, ಮೋಟಾರಿನದು ಹೊರಗೆ ಬರುವ ಲೆಕ್ಕ. ಮೋಟಾರ್ ರಿವೈಂಡಿಂಗ್ ಮಾಡುವವರನ್ನು ಕೇಳಿ ನೋಡಿ, ಒಂದು ಎಚ್‌ಪಿಗೆ ಗಂಟೆಗೆ ಒಂದು ಯೂನಿಟ್ ಮೇಲೆ ಚೂರು ಹಿಡ್ಕೊಳ್ರಿ ಅಂತಾರೆ. ಅವರ ಬಾಯಿಲೆಕ್ಕ ನಮ್ಮ ಡಬ್ಬಿಗೆ ಸರಿಯಾಗಿ ಕೂತಿತು.

ಮೇಷ್ಟ್ರಿಗೆ ಹುಮ್ಮಸ್ಸು ಬಂತು. ಅಳತೆ ಟೇಪು ತರಿಸಿ ತಾರಸಿಯಿಂದ ಇಳಿಬಿಟ್ಟರು. ಸಂಪಿನ ನೀರಿನ ಮಟ್ಟದಿಂದ ಟ್ಯಾಂಕಿನ ಬಾಯಿಗೆ ಸುಮಾರು 12 ಮೀಟರ್. ಸಾವಿರ ಲೀಟರ್ ಅಂದರೆ ಸಾವಿರ ಕೆಜಿ. 1000, 9.8, 12 ಮೂರನ್ನೂ ಗುಣಿಸಿ: 1,17,600 ಜೌಲ್. ಯೂನಿಟ್ಟಿಗೆ ತಿರುಗಿಸಿದರೆ 0.033.

ಇದನ್ನು ನೋಡಿ ನಾನೇ ಎರಡೆರಡು ಸಲ ಗುಣಿಸಿದೆ. ಅಷ್ಟೂ ನೀರನ್ನು ಮೂರು ಅಂತಸ್ತು ಏರಿಸುವ ನಿಜವಾದ ಕೆಲಸಕ್ಕೆ ಬೇಕಾದ್ದು 0.033 ಯೂನಿಟ್. ನಾವು ಕೊಡುತ್ತಿರುವುದು 0.43. ಹದಿಮೂರರಲ್ಲಿ ಒಂದು ಪಾಲು ನೀರಿಗೆ, ಉಳಿದ ಹನ್ನೆರಡು ಪಾಲು ಬಿಸಿಗೆ, ಸದ್ದಿಗೆ, ಪಂಪಿನೊಳಗೆ ನೀರು ಸುಳಿ ತಿರುಗೋದಕ್ಕೆ, ಸಣ್ಣ ಪೈಪಿನ ತಿಕ್ಕಾಟಕ್ಕೆ. ಮನೆಗೆ ಹಾಕುವ ಈ ಸಣ್ಣ ಸೆಲ್ಫ್ ಪ್ರೈಮಿಂಗ್ ಪಂಪುಗಳ ಹಣೆಬರಹವೇ ಇಷ್ಟು. ಸಂಪಿನಿಂದ ತಾನೇ ನೀರು ಎಳೆದುಕೊಳ್ಳುತ್ತವೆ, ಜಾಗ ಕಡಿಮೆ ತಿನ್ನುತ್ತವೆ, ಬೆಲೆ ಕಡಿಮೆ. ಕರೆಂಟ್ ಉಳಿಸುವುದು ಅವುಗಳ ಗುಣಗಳಲ್ಲಿ ಸೇರಿಲ್ಲ. ಹಾಗಂತ ಬದಲಾಯಿಸೋಕೆ ಹೋಗಬೇಡಿ. ತಿಂಗಳಿಗೆ 13 ಯೂನಿಟ್ ತಿನ್ನುವ ಪಂಪಿನಲ್ಲಿ ಎಷ್ಟು ಉಳಿಸಿದರೂ ಹೊಸ ಪಂಪಿನ ದುಡ್ಡು ಹುಟ್ಟೋದು ಯಾವ ಕಾಲಕ್ಕೋ.

ಹೌದು, 13 ಯೂನಿಟ್. ದಿನಕ್ಕೊಂದು ಟ್ಯಾಂಕ್, ತಿಂಗಳಿಗೆ 13. ಯೂನಿಟ್ಟಿಗೆ 6 ರೂಪಾಯಿ ಅಂತ ಇಟ್ಟುಕೊಂಡರೂ 78 ರೂಪಾಯಿ. ಮೂರು ಮನೆಗೆ ಹಂಚಿದರೆ ತಲಾ 26.

ಹಾಗಾದರೆ ತಿನ್ನುತ್ತಿರೋದು ಯಾರು?

118 ದಾಟಿಸುತ್ತಿರುವ ಕಳ್ಳನನ್ನು ಹುಡುಕಬೇಕಲ್ಲ. ಒಟ್ಟು ಲೋಡಿನ ಗ್ರಾಫ್ ತೆಗೆದು ನೋಡಿದರೆ ಬೆಳಿಗ್ಗೆ ಆರರಿಂದ ಎಂಟರವರೆಗೆ ಗೋಡೆಯಂತೆ ಎದ್ದು ನಿಂತಿದ್ದು ಗೀಸರ್. 15 ಲೀಟರಿನದು. ಚಳಿಗಾಲದ ಬೆಳಿಗ್ಗೆ ಒಳಗೆ ಬರುವ ನೀರು 24 ಡಿಗ್ರಿ, ಕಾದು 60ಕ್ಕೆ ಕಟ್ ಆಗುತ್ತದೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 4.186 ಕಿಲೋಜೌಲ್. 15 ಲೀಟರಿಗೆ 36 ಡಿಗ್ರಿ ಅಂದರೆ 2260 ಕಿಲೋಜೌಲ್, 0.63 ಯೂನಿಟ್. ಡಬ್ಬಿ ತೋರಿಸಿದ್ದು 0.65. ಗೀಸರ್ ಪಂಪಿನ ಹಾಗೆ ದುಂದು ಮಾಡುವುದಿಲ್ಲ, ಕೊಟ್ಟದ್ದನ್ನೆಲ್ಲ ನೀರಿಗೇ ಹಾಕುತ್ತದೆ. ಆದರೂ ಹದಿನೈದು ಲೀಟರ್ ಕಾಯಿಸೋಕೆ, ಸಾವಿರ ಲೀಟರನ್ನು ತಾರಸಿಗೆ ಏರಿಸೋದಕ್ಕಿಂತ ಜಾಸ್ತಿ ಯೂನಿಟ್ ಬೇಕು. ಬಿಸಿ ಮಾಡುವ ಕೆಲಸವೇ ಅಷ್ಟು ದುಬಾರಿ. ನಮ್ಮ ಮನೆಯಲ್ಲಿ ಸ್ನಾನಕ್ಕೇ ತಿಂಗಳಿಗೆ 70 ಯೂನಿಟ್ ಹತ್ತಿರ ಹೋಗುತ್ತಿತ್ತು. ಫ್ರಿಜ್ಜಿಗೆ 30. ಫ್ರಿಜ್ಜಿನ ಸ್ಟಾರ್ ಲೇಬಲ್ಲಿನಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ ಅಂತ ಬರೆದಿರುತ್ತಾರೆ, ಖರೀದಿಗೆ ಹೋದಾಗ ಸ್ಟಾರ್ ಎಣಿಸುವ ಬದಲು ಆ ಸಂಖ್ಯೆ ಓದಿ.

ಆಮೇಲೆ ಸಿಕ್ಕಿದ್ದು ಮಜದ್ದು. ರಾತ್ರಿ ಎಲ್ಲರೂ ಮಲಗಿ, ಫ್ರಿಜ್ಜೂ ಸುಮ್ಮನಿದ್ದಾಗ ಗ್ರಾಫ್ ಸೊನ್ನೆಗೆ ಇಳಿಯಬೇಕಿತ್ತು, ಇಳಿಯಲಿಲ್ಲ. ಇಷ್ಟು ಸಣ್ಣ ಲೋಡನ್ನು 100 ಆಂಪಿಯರ್ ಸಿಟಿ ನೆಟ್ಟಗೆ ಹಿಡಿಯಲ್ಲ. ಅದಕ್ಕೊಂದು ಉಪಾಯ ಇದೆ: ವೈರನ್ನು ಸಿಟಿಯೊಳಗೆ ಹತ್ತು ಸುತ್ತು ಹಾಕಿ, ಬಂದ ಕರೆಂಟನ್ನೂ ವ್ಯಾಟನ್ನೂ ಹತ್ತರಿಂದ ಭಾಗಿಸುವುದು. ಒಂದು ಎಕ್ಸ್‌ಟೆನ್ಷನ್ ಬೋರ್ಡಿನ ಫೇಸ್ ವೈರನ್ನು ಹೀಗೆ ಸುತ್ತಿ ಪರೀಕ್ಷೆ ಪೆಟ್ಟಿಗೆ ಮಾಡಿಕೊಂಡೆ. 9 ವ್ಯಾಟಿನ ಎಲ್‌ಇಡಿ ಬಲ್ಬ್ ಹಾಕಿದಾಗ 0.76 ಆಂಪಿಯರ್, 91 ವ್ಯಾಟ್, ಪವರ್ ಫ್ಯಾಕ್ಟರ್ 0.53. ಹತ್ತರಿಂದ ಭಾಗಿಸಿದರೆ 9.1 ವ್ಯಾಟ್, ಬಲ್ಬಿನ ಮೇಲೆ ಬರೆದದ್ದು ನಿಜವೇ. ಆದರೆ ಲೈನಿನಲ್ಲಿ ಎಳೆಯುವ ವೋಲ್ಟ್-ಆಂಪಿಯರ್ ಹತ್ತಿರ ಹತ್ತಿರ ಎರಡರಷ್ಟು. ಮನೆ ಬಿಲ್ಲಿಗೆ ಅದು ಲೆಕ್ಕಕ್ಕಿಲ್ಲ, ಇಲ್ಲಿ ಯೂನಿಟ್ ಮಾತ್ರ. ಪವರ್ ಫ್ಯಾಕ್ಟರ್ ಬಿದ್ದರೆ ಕೈ ಸುಡುವುದು ಕಾರ್ಖಾನೆಯವರಿಗೆ.

ಅದೇ ಪೆಟ್ಟಿಗೆಗೆ ಯುಪಿಎಸ್ ಸಿಕ್ಕಿಸಿದೆ. ಬ್ಯಾಟರಿ ಫುಲ್, ಹೊರಗೆ ಲೋಡ್ ಏನೂ ಇಲ್ಲ. 18 ವ್ಯಾಟ್. ಹಳೇ ಯುಪಿಎಸ್, ಒಳಗಿನ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುತ್ತಾ ಸದಾ ಬೆಚ್ಚಗಿರುತ್ತದೆ. 18 ವ್ಯಾಟ್ ಅಂದರೆ ಏನು ಮಹಾ ಅಂತ ಅನ್ನಿಸುತ್ತದೆ. 24ರಿಂದ ಗುಣಿಸಿ ನೋಡಿ: ದಿನಕ್ಕೆ 0.43 ಯೂನಿಟ್. ಮೋಟಾರಿನಷ್ಟೇ! 1160 ವ್ಯಾಟಿನ ಮೋಟಾರ್ ಓಣಿಗೆಲ್ಲ ಕೇಳುವಂತೆ ಓಡಿ ತಿನ್ನುವಷ್ಟನ್ನೇ ಇದು ಮೂಲೆಯಲ್ಲಿ ಕೂತು ತಿನ್ನುತ್ತಿದೆ. ಮೋಟಾರಿನ ಮೇಲೆ ಅನುಮಾನ ಬಂದದ್ದು ಅದರ ಸದ್ದಿನಿಂದ ಅಂತ ನನ್ನ ಅಭಿಪ್ರಾಯ.

ಹೆದ್ದಾರಿಯಲ್ಲಿ ಚಿತ್ರದುರ್ಗ ದಾಟುವಾಗ ಗುಡ್ಡದ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳ ಲೆಕ್ಕವೂ ಇದೇ ಥರ. ಇಷ್ಟು ಮೆಗಾವ್ಯಾಟ್ ಅಂತ ಹೇಳುವುದು ಗಾಳಿ ಜೋರಾಗಿದ್ದಾಗ ಸಿಗುವ ಗರಿಷ್ಠ ಪವರ್. ವರ್ಷಕ್ಕೆ ಎಷ್ಟು ಯೂನಿಟ್ ಕೊಟ್ಟಿತು ಅನ್ನೋದಕ್ಕೆ ಎಷ್ಟು ಗಂಟೆ ಎಷ್ಟು ಜೋರಾಗಿ ಗಾಳಿ ಬೀಸಿತು ಅನ್ನೋದು ಬೇಕು. ಸುದ್ದಿಯಲ್ಲಿ ಕೆಲವೊಮ್ಮೆ "ಗಂಟೆಗೆ ಇಷ್ಟು ಮೆಗಾವ್ಯಾಟ್" ಅಂತ ಓದುತ್ತಾರೆ. ಅದನ್ನು ಕೇಳಿದಾಗಲೆಲ್ಲ ಮೇಷ್ಟ್ರು ಟಿವಿಗೆ ಬೈಯುತ್ತಾರೆ. ಮೆಗಾವ್ಯಾಟಿನೊಳಗೇ ಸೆಕೆಂಡು ಕೂತಿದೆ, ಮತ್ತೆ ಗಂಟೆಗೆ ಅಂತ ಯಾಕೆ?

ಪಟ್ಟಿ ತಗೊಂಡು ಅಪ್ಪನ ಮುಂದಿಟ್ಟೆ. ಅಪ್ಪ ಪೂರ್ತಿ ಓದಿ, ಮೋಟಾರ್ ರಿಪೇರಿ ಖರ್ಚೂ ನಮ್ಮದೇ ಅಲ್ವಾ, ಅದನ್ನು ಯಾವ ಡಬ್ಬಿ ಅಳೆಯುತ್ತೆ ಅಂದರು. ಮಾತು ನ್ಯಾಯವೇ. ಕೊನೆಗೆ ಮನೆಗೆ 50 ರೂಪಾಯಿ ಅಂತ ತೀರ್ಮಾನವಾಯಿತು, ಮೇಷ್ಟ್ರೂ ಒಪ್ಪಿದರು. ಗೀಸರನ್ನು ಅರ್ಧ ಗಂಟೆ ಮುಂಚೆ ಹಾಕಿ ಬಿಡುವ ರೂಢಿ ನಿಂತಿತು. ಯುಪಿಎಸ್ ಮಾತ್ರ ಹಾಗೇ ಇದೆ, ಅಮ್ಮನ ಸಂಜೆಯ ಸೀರಿಯಲ್ಲಿಗೆ ಅಡ್ಡಿ ಬರಬಾರದು.

ಗಾಳಿ ಎಳೆದ ಮೋಟಾರ್

ಡಬ್ಬಿ ಬಿಚ್ಚದೆ ಹಾಗೇ ಬಿಟ್ಟಿದ್ದು ಒಳ್ಳೆಯದಾಯಿತು. ಸ್ವಲ್ಪ ಕಾಲದ ನಂತರ ಲ್ಯಾಪ್‌ಟಾಪಿನ ಶೀಟಿನಲ್ಲಿ ಮೋಟಾರಿನ ವ್ಯಾಟ್ ನಿಧಾನಕ್ಕೆ ಇಳಿಯುವುದು ಕಂಡಿತು. 1160 ಇದ್ದದ್ದು 1100, ಆಮೇಲೆ 1040, ಕೊನೆಗೆ 980. ಪವರ್ ಕಡಿಮೆಯಾಯಿತು, ಒಳ್ಳೇದೇ ಅಲ್ವಾ ಅಂದರು ಅಪ್ಪ. ಪಕ್ಕದ ಕಾಲಂ ನೋಡಿದರೆ ಟ್ಯಾಂಕ್ ತುಂಬಲು 31 ನಿಮಿಷ ಆಗುತ್ತಿತ್ತು. ಒಂದು ಟ್ಯಾಂಕಿಗೆ 0.51 ಯೂನಿಟ್. ವ್ಯಾಟ್ ಇಳಿದಿದೆ, ಯೂನಿಟ್ ಏರಿದೆ.

ತಾರಸಿಗೆ ಹೋಗಿ ನೋಡಿದರೆ ನೀರು ಒಂದೇ ಸಮ ಬೀಳುತ್ತಿಲ್ಲ, ಬುಸ್ ಬುಸ್ ಅಂತ ಗಾಳಿ ಜೊತೆ ಉಗಿಯುತ್ತಿದೆ. ಅಂದರೆ ಸಕ್ಷನ್ ಕಡೆ, ಸಂಪಿನಿಂದ ಪಂಪಿಗೆ ನೀರೆಳೆಯುವ ಪೈಪಿನಲ್ಲಿ, ಎಲ್ಲೋ ಗಾಳಿ ಎಳೆಯುತ್ತಿದೆ. ನೀರಿನ ಜೊತೆ ಗಾಳಿ ಸೇರಿದರೆ ಪಂಪಿಗೆ ಭಾರ ಕಡಿಮೆ, ಅದಕ್ಕೇ ವ್ಯಾಟ್ ಇಳಿದದ್ದು. ಆದರೆ ಏರುವ ನೀರು ಅದಕ್ಕಿಂತ ಜಾಸ್ತಿ ಇಳಿಯಿತು. ಸಕ್ಷನ್ ಕಡೆಯ ಸೋರಿಕೆ ಹೊರಗೆ ಹನಿಯುವುದಿಲ್ಲ, ಹಾಗಾಗಿ ಕಣ್ಣಿಗೆ ಬೀಳಲ್ಲ. ಮೋಟಾರ್ ಓಡುವಾಗ ಜಾಯಿಂಟುಗಳ ಮೇಲೆ ಒಂದೊಂದಾಗಿ ಸೋಪಿನ ನೊರೆ ಹಚ್ಚುತ್ತಾ ಬಂದೆ. ಪಂಪಿನ ಹತ್ತಿರ ಪೈಪ್ ಜೋಡಿಸುವ ಯೂನಿಯನ್ನಿನಲ್ಲಿ ನೊರೆ ಒಳಗೆ ಎಳೆದುಕೊಂಡಿತು.

ಮೋಟಾರಿನ ನಡುಕಕ್ಕೆ ಯೂನಿಯನ್ ಸಡಿಲಾಗಿತ್ತು, ಒಳಗಿನ ರಬ್ಬರ್ ವಾಷರ್ ಗಟ್ಟಿಯಾಗಿ ಸೀಳು ಬಿಟ್ಟಿತ್ತು. ಹೊಸ ವಾಷರ್ ಹಾಕಿ, ಪಕ್ಕದ ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತಿ ಬಿಗಿ ಮಾಡಿದೆ. ಪೈಪಿನ ಕೆಳಗೆ ಒಂದು ಇಟ್ಟಿಗೆ ಕೊಟ್ಟು ನಡುಕ ತಪ್ಪಿಸಿದೆ. ಮರುದಿನ 1150 ವ್ಯಾಟ್, 22 ನಿಮಿಷ.

ಈಗ ಕೋಡಿನಲ್ಲಿ ಒಂದು ಸಾಲು ಸೇರಿಸಿದ್ದೇನೆ: ಮೋಟಾರ್ ಓಡುವಾಗ ವ್ಯಾಟ್ 1050ರ ಕೆಳಗೆ ಹೋದರೆ ಬಜರ್ ಕೂಗುತ್ತದೆ. ಸ್ಟಾರ್ಟ್ ಆದ ಮೊದಲ ಅರ್ಧ ನಿಮಿಷ ಲೆಕ್ಕಕ್ಕೆ ತಗೊಳ್ಳಲ್ಲ. ಸಂಪು ಖಾಲಿಯಾಗಿ ಡ್ರೈ ರನ್ ಆದರೆ ವ್ಯಾಟ್ ಇನ್ನೂ ಕೆಳಗೆ ಬೀಳುತ್ತದೆ, ಆಗ ಮೋಟಾರ್ ತಾನೇ ನಿಲ್ಲುವ ಹಾಗೆ ಮಾಡುವುದು ಬಾಕಿ ಇದೆ. ಅಂಗಡಿಯಲ್ಲಿ ಸಿಗುವ ನೀಲಿ ಬಣ್ಣದ ಸಣ್ಣ ರಿಲೇಗೆ ಮೋಟಾರನ್ನು ನೇರ ಕೊಡಬೇಡಿ, ಸ್ಟಾರ್ಟಿಂಗ್ ಕರೆಂಟಿಗೆ ಅದರ ಕಾಂಟ್ಯಾಕ್ಟ್ ಅಂಟಿಕೊಳ್ಳುತ್ತದೆ. ರಿಲೇ ಕಾಂಟ್ಯಾಕ್ಟರಿನ (ದೊಡ್ಡ ಕರೆಂಟು ತಾಳುವ ಸ್ವಿಚ್ಚು) ಕಾಯಿಲ್ ನಡೆಸಲಿ, ಮೋಟಾರನ್ನು ಕಾಂಟ್ಯಾಕ್ಟರ್ ನಡೆಸಲಿ. ಕಾಂಟ್ಯಾಕ್ಟರ್ ತಂದಿಟ್ಟಿದ್ದೇನೆ. ಪಾಲಿಕೆ ನೀರು ಬಂದು ಸಂಪು, ಟ್ಯಾಂಕ್ ಎರಡೂ ತುಂಬಿದ ದಿನ ನೋಡಿ ಕೂರಿಸಬೇಕು.